ಖಾಲಿ ಕ್ಯಾಮೆರಾದ ಮುಂದೆ

ಫೋಟೋದಲ್ಲಿ ದೆವ್ವ ಬಿದ್ದಿದೆ ಎಂದು ನನ್ನ ಅಂಗಡಿಗೆ ಬಂದವರನ್ನು ನಾನು ಗೇಲಿ ಮಾಡದೆ ಕಳಿಸಿದ್ದೇ ಇಲ್ಲ. ನಂಜನಗೂಡಿನ ಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಇವೇ ಅನ್ನ. ಆಗಾಗ ಯಾರಾದರೂ ಆಲ್ಬಮ್ಮನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಮದುಮಗಳ ಹಿಂದೆ ಬೆಳ್ಳಗೆ ನಿಂತಿರುವುದು ತೀರಿಹೋದ ನಮ್ಮಜ್ಜಿಯೇ ಎಂದು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ನಾನು ನೆಗೆಟಿವನ್ನು ಬೆಳಕಿಗೆ ಹಿಡಿದು, ಇದು ನಿಮ್ಮಜ್ಜಿಯಲ್ಲ, ರೀಲು ಸರಿಯಾಗಿ ಮುಂದಕ್ಕೆ ಹೋಗದೆ ಒಂದರ ಮೇಲೊಂದು ಬಿದ್ದಿದೆ, ಆ ಬಿಳಿ ಸೀರೆಯಾಕೆ ನಿಮ್ಮ ಬೀಗಿತ್ತಿ, ಬೇಕಾದರೆ ಕೇಳಿ ನೋಡಿ ಎನ್ನುತ್ತಿದ್ದೆ. ಅವರ ಮುಖ ಸಪ್ಪಗಾಗುತ್ತಿತ್ತು. ನನಗೆ ಅದೇ ಒಂದು ಖುಷಿ. ಡಬ್ಬಿಯೊಳಗೆ ಬೆಳಕು ಹೋದರೆ ಚಿತ್ರ, ಹೋಗದಿದ್ದರೆ ಇಲ್ಲ, ಅಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ ಎಂದು ನಂಬಿದ್ದವನು ನಾನು. ಈಗಲೂ ನಂಬುತ್ತೇನೆ. ಒಂದೇ ಒಂದು ಚಿತ್ರದ ವಿಷಯ ಬಂದಾಗ ಮಾತ್ರ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಓದಿದವರು ನನ್ನ ಬಗ್ಗೆ ಏನಂದುಕೊಂಡರೂ ಸರಿಯೇ. ಒಳ್ಳೆಯದು ಅಂದುಕೊಳ್ಳುವಂಥ ಕೆಲಸವನ್ನೇನೂ ನಾನು ಮಾಡಿಲ್ಲ.

ಹೊಟ್ಟೆಪಾಡಿನ ಫೋಟೋಗಳ ಜೊತೆಗೆ ನನಗೊಂದು ಹುಚ್ಚಿತ್ತು. ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿಗೆ ಬಿಗಿದು, ಶಟರನ್ನು ನಾಲ್ಕೈದು ನಿಮಿಷ ತೆರೆದೇ ಇಟ್ಟು ನೀರು, ಬೆಟ್ಟಗಳ ಚಿತ್ರ ತೆಗೆಯುವುದು. ಅಷ್ಟು ಹೊತ್ತು ಬೆಳಕು ಒಳಗೆ ಹರಿದರೆ ಧುಮುಕುವ ನೀರು ಹಿಂಜಿದ ಹತ್ತಿಯ ಹಾಗೆ ಮೆತ್ತಗೆ ಕಾಣುತ್ತದೆ. ಬಂಡೆ, ಬೆಟ್ಟ ಮಾತ್ರ ಸ್ಪಷ್ಟವಾಗಿ ನಿಲ್ಲುತ್ತವೆ. ಬೆಳಕು ಜಾಸ್ತಿಯಿದ್ದರೆ ವೆಲ್ಡಿಂಗ್ ಅಂಗಡಿಯಿಂದ ತಂದ ಕಪ್ಪು ಗಾಜನ್ನು ಲೆನ್ಸಿನ ಮುಂದೆ ರಬ್ಬರ್‌ಬ್ಯಾಂಡು ಹಾಕಿ ಕಟ್ಟುತ್ತಿದ್ದೆ. ಈ ಕೆಲಸದಲ್ಲಿ ಒಂದು ತಮಾಷೆಯಿದೆ. ಶಟರು ತೆರೆದಿರುವಾಗ ಯಾರಾದರೂ ಎದುರಿಗೆ ನಡೆದುಹೋದರೆ ಅವರು ಚಿತ್ರದಲ್ಲಿ ಬೀಳುವುದೇ ಇಲ್ಲ. ದನ ಹೋಗಲಿ, ಹರಿಗೋಲು ಹೋಗಲಿ, ಗುರುತೂ ಉಳಿಯುವುದಿಲ್ಲ. ಅಲ್ಲಾಡದೆ ನಿಂತದ್ದು ಮಾತ್ರ ಬೀಳುತ್ತದೆ.

ನಮ್ಮ ಬಯಲಿನ ಊರುಗಳಲ್ಲಿ ಜಲಪಾತ ಎಲ್ಲಿಂದ ಬರಬೇಕು? ನನಗೆ ಸಿಕ್ಕಿದ್ದು ಒಂದು ಕಟ್ಟೆ. ನರಸೀಪುರದಲ್ಲಿ ಕಾವೇರಿ, ಕಪಿಲೆ ಒಂದಾಗಿ ಮುಂದಕ್ಕೆ ಹೋದ ಮೇಲೆ ಹೊಳೆಗೆ ಅಡ್ಡಲಾಗಿ ಹಳೆಯ ಕಾಲದ ಕಲ್ಲುಕಟ್ಟೆಯೊಂದಿದೆ. ಅದರ ಪಕ್ಕದಿಂದ ಗದ್ದೆಗಳಿಗೆ ನಾಲೆ ಹೊರಡುತ್ತದೆ. ನಾಲೆಗೆ ಹೋಗಿ ಮಿಕ್ಕ ನೀರು ಕಟ್ಟೆಯ ಮೇಲೆ ಹರಿದು ಆಚೆಗೆ ಧುಮುಕುತ್ತದೆ. ದೂರದಲ್ಲಿ ಮುಡುಕುತೊರೆ ಬೆಟ್ಟ. ತೊಂಬತ್ತರ ದಶಕದ ಕೊನೆಯ ಒಂದೆರಡು ವರ್ಷ ನಾನು ಸಂಜೆಯಾದರೆ ಸ್ಕೂಟರು ಹತ್ತಿ ಅಲ್ಲಿಗೆ ಓಡುತ್ತಿದ್ದೆ. ಮೈಸೂರಿನ ಒಂದು ಛಾಯಾಚಿತ್ರ ಪ್ರದರ್ಶನಕ್ಕೆ ಆ ಕಟ್ಟೆಯ ಚಿತ್ರವನ್ನೇ ಕಳಿಸಬೇಕೆಂದು ಹಠ ಹಿಡಿದಿದ್ದೆ.

ಅಲ್ಲಿ ನನಗೆ ಪರಿಚಯವಾದವರು ಸಿದ್ದಯ್ಯ. ನಾಲೆಯ ತೂಬು ಎತ್ತಿ ಇಳಿಸಿ, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವ ನೀರುಗಂಟಿ. ನನಗಿಂತ ಇಪ್ಪತ್ತೈದು ವರ್ಷವಾದರೂ ದೊಡ್ಡವರು. ಆಗ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಪೇಟೆಯವನೆಂಬ ಜಂಭ, ಬೇರೇನಲ್ಲ. ಈಗ ಬರೆಯುವಾಗ ಕೈಗೆ ಏಕವಚನ ಬರುತ್ತಿಲ್ಲ. ಯಾವ ಕಲ್ಲಿನ ಮೇಲೆ ಪಾಚಿಯಿದೆ, ಎಲ್ಲಿ ಕಾಲಿಡಬಾರದು, ಮೇಲಿನ ಅಣೆಕಟ್ಟಿನಲ್ಲಿ ನೀರು ಬಿಟ್ಟರೆ ಎಷ್ಟು ಹೊತ್ತಿಗೆ ಇಲ್ಲಿ ಹೊಳೆ ಏರುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಸ್ಟ್ಯಾಂಡು ಹೊತ್ತು ತಂದು ನಿಲ್ಲಿಸಿಕೊಡುತ್ತಿದ್ದರು. ನಾನು ಗಡಿಯಾರ ನೋಡುತ್ತಾ ಕೂತಿರುವಾಗ ಅವರು ಕಟ್ಟೆಯ ಮೇಲೆ ಅತ್ತಿಂದಿತ್ತ ಓಡಾಡಿ ಸಿಕ್ಕಿಕೊಂಡ ಕಸ, ಕಡ್ಡಿ ತೆಗೆದು ಬಿಸಾಡುತ್ತಿದ್ದರು. ಒಮ್ಮೆ, ಎದುರಿಗೆ ಬಂದುಬಿಟ್ಟೆನಲ್ಲ ಎಂದು ಗಾಬರಿಯಿಂದ ಹಿಂದೆ ಸರಿದರು.

"ಓಡಾಡು ಸಿದ್ದಯ್ಯ, ಪರವಾಗಿಲ್ಲ," ಎಂದೆ ನಗುತ್ತಾ. "ನೀನು ಇದರಲ್ಲಿ ಬೀಳೋದೇ ಇಲ್ಲ."

"ಅದೆಂಗೆ ಸಾ? ಇಲ್ಲೇ ಅವ್ನಿ, ಬೀಳಾಕಿಲ್ಲ ಅಂತೀರಿ?"

ನಾನು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, ಕೈಯಲ್ಲಿದ್ದ ಕಡ್ಡಿಯನ್ನು ನೀರಿಗೆ ಬಿಸಾಡಿದರು. "ಹುಟ್ಟಿದಾಗಿಂದ ಈ ನೀರ್‌ನಾಗೇ ಓಡಾಡ್ಕಂಡಿವ್ನಿ ಸಾ. ಓಡಾಡ್‌ದೋರು ಬೀಳಾಕಿಲ್ಲ ಅಂದ್ರೆ ನಾನು ಯಾವುದ್ರಾಗೂ ಬೀಳಾಕಿಲ್ಲ ಬುಡಿ," ಎಂದರು. ಅದನ್ನೂ ನಾನು ತಮಾಷೆ ಎಂದೇ ತೆಗೆದುಕೊಂಡು ಜೋರಾಗಿ ನಕ್ಕೆ.

ಮಳೆಗಾಲ ಮುಗಿದು ಹೊಳೆ ಇಳಿದಿತ್ತು. ನನಗೆ ಬೇಕಾದ ಚಿತ್ರ ಇನ್ನೂ ಸಿಕ್ಕಿರಲಿಲ್ಲ. ಕಟ್ಟೆಯ ಮೇಲೆ ನೀರು ಅಲ್ಲಲ್ಲಿ ಹರಿದು, ನಡುನಡುವೆ ಬೋಳು ಕಲ್ಲು ಕಾಣುತ್ತಿತ್ತು. ನಾನು ಪೇಚಾಡುವುದನ್ನು ನೋಡಲಾರದೆ ಸಿದ್ದಯ್ಯನವರೇ ಒಂದು ದಾರಿ ಹೇಳಿದರು. ಅರ್ಧ ಗಂಟೆ ನಾಲೆಯ ತೂಬು ಇಳಿಸಿಬಿಟ್ಟರೆ ಅಷ್ಟೂ ನೀರು ಕಟ್ಟೆಯ ಮೇಲೇ ಬರುತ್ತದೆ. ಹಾಗೆ ಮಾಡುವಂತಿರಲಿಲ್ಲ. ಗದ್ದೆಯವರಿಗೆ ಗೊತ್ತಾದರೆ ಸಿದ್ದಯ್ಯನವರ ಗ್ರಹಚಾರ ಬಿಡಿಸುತ್ತಿದ್ದರು. ಅದು ನನಗೂ ಗೊತ್ತಿತ್ತು. ಬೇಡ ಎಂದು ನಾನು ಅನ್ನಲಿಲ್ಲ.

ಅವತ್ತು ಸಂಜೆ ಅವರು ತೂಬು ಇಳಿಸಿದರು. ನೋಡನೋಡುತ್ತಿದ್ದಂತೆ ನೀರು ಈ ದಡದಿಂದ ಆ ದಡದವರೆಗೆ ಒಂದೇ ಸಮನೆ ಕಟ್ಟೆ ಮುಚ್ಚಿ ಇಳಿಯತೊಡಗಿತು. ಬೆಟ್ಟದ ಹಿಂದೆ ಇನ್ನೂ ಬೆಳಕಿತ್ತು. ನಾನು ಹುಚ್ಚು ಹಿಡಿದವನಂತೆ ಕೆಲಸ ಮಾಡಿದೆ. ರೀಲಿನಲ್ಲಿ ಉಳಿದಿದ್ದ ಐದಾರು ಚಿತ್ರಗಳನ್ನೂ ತೆಗೆದು ಮುಗಿಸಿದೆ. ಮೂವತ್ತಾರಾದ ಮೇಲೆ ರೀಲು ಸರಿಸುವ ಲಿವರು ಮುಂದಕ್ಕೆ ಹೋಗಲಿಲ್ಲ. ರೀಲು ಹಿಂದಕ್ಕೆ ಸುತ್ತಿ, ಹೊರಗೆ ತೆಗೆದು, ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡೆ. ರೀಲಿನ ತುದಿ ಪೂರ್ತಿ ಡಬ್ಬಿಯೊಳಗೆ ಹೋಗುವಷ್ಟು ಸುತ್ತುವುದು ನನ್ನ ಅಭ್ಯಾಸ. ಮುಗಿದ ರೀಲನ್ನು ಹೊಸದೆಂದು ಮತ್ತೆ ಹಾಕುವ ಪ್ರಮಾದ ಆಗಬಾರದಲ್ಲ. ಇದನ್ನೆಲ್ಲ ಇಷ್ಟು ಉದ್ದ ಹೇಳುವುದಕ್ಕೆ ಕಾರಣವಿದೆ. ಕ್ಯಾಮೆರಾ ಖಾಲಿಯಾಗಿತ್ತು. ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ.

ಸಿದ್ದಯ್ಯ ತೂಬಿನ ಪಕ್ಕದ ಗುಡಿಸಲಿನಿಂದ ಬಂದರು. ಬಂದವರನ್ನು ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಮಡಿಸಿದ ಟವಲು ಹಾಕಿಕೊಂಡಿದ್ದಾರೆ. ಅಂಗಿಯನ್ನು ಬೆಳಿಗ್ಗೆಯೇ ಮನೆಯಿಂದ ತಂದಿಟ್ಟುಕೊಂಡಿದ್ದರೆಂದು ಕಾಣುತ್ತದೆ.

"ನಂದೂ ಒಂದ್ ಪೋಟ ತಗೀರಿ ಸಾ. ನೀರ್‌ನಾಗೆ ನಿಂತ್ಕತೀನಿ. ಎಷ್ಟೊತ್ತಾದ್ರೂ ಸರಿ, ಅಲ್ಲಾಡಾಕಿಲ್ಲ."

ಸಿದ್ದಯ್ಯ, ರೀಲು ಮುಗಿದಿದೆ, ನಾಳೆ ತೆಗೆಯುತ್ತೇನೆ. ಇಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಚಿತ್ರ ಸಿಕ್ಕಿಯಾಗಿತ್ತು. ನಾಳೆ ನನಗೆ ಬರಬೇಕಾಗಿರಲಿಲ್ಲ. ಆಗಿನ ಫೋಟೋದವರಲ್ಲಿ ಒಂದು ಕೆಟ್ಟ ಚಾಳಿಯಿತ್ತು. ಮದುವೆ ಮನೆಯಲ್ಲಿ ಯಾರಾದರೂ ನಮ್ಮದೊಂದು ತೆಗೀರಿ ಎಂದು ಪೀಡಿಸಿದರೆ ಚಿತ್ರ ತೆಗೆಯದೆ ಸುಮ್ಮನೆ ಫ್ಲ್ಯಾಷು ಹೊಡೆದು ಕಳಿಸುವುದು. ಖಾಲಿ ಹೊಡೆಯುವುದು ಎಂದು ನಮ್ಮೊಳಗೆ ಹೇಳಿಕೊಂಡು ನಗುತ್ತಿದ್ದೆವು. ಅದೇ ಚಾಳಿ ಬಾಯಿಗೆ ಬಂತು. ಬಾ ನಿಂತುಕೋ ಎಂದುಬಿಟ್ಟೆ.

ಅವರು ಪಂಚೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದದ ನೀರಿಗೆ ಇಳಿದು, ಕಟ್ಟೆಯ ಬುಡದ ಒಂದು ಚಪ್ಪಟೆ ಕಲ್ಲಿನ ಮೇಲೆ ನಿಂತರು. ನಾನು ಶಟರು ತೆರೆದು, "ಅಲ್ಲಾಡಬೇಡ, ಐದು ನಿಮಿಷ, ಇಲ್ಲೇ ನೋಡು," ಎಂದು ಲೆನ್ಸು ತೋರಿಸಿದೆ. ಆಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಎಡಕ್ಕೆ ಸರಿದು ಬಂಡೆಯ ಮೇಲೆ ಕೂತು ಬ್ಯಾಗು ಜೋಡಿಸಿಕೊಂಡೆ, ಕಪ್ಪು ಗಾಜು ಒರೆಸಿದೆ, ಜೇಬಿನಲ್ಲಿದ್ದ ಕಡಲೆಕಾಯಿ ಸುಲಿದು ತಿಂದೆ. ನಡುವೆ ಒಮ್ಮೆ ತಲೆಯೆತ್ತಿ ನೋಡಿದೆ. ಅವರು ಹಾಗೇ ನಿಂತಿದ್ದರು. ಗಾಳಿ ತಣ್ಣಗಿತ್ತು. ಹೊತ್ತು ಮುಳುಗಿ, ಐದು ನಿಮಿಷದ ಮೇಲೆಯೇ ಆಗಿರಬೇಕು, ಸಾಕು ಬಾ ಎಂದು ಕೂಗಿದೆ. ಮೇಲೆ ಬಂದವರ ಕಾಲು ಬಿಳಿಚಿಕೊಂಡು ನಡುಗುತ್ತಿತ್ತು. ಚೆನ್ನಾಗಿ ಬಂತಾ ಎಂದು ಅವರು ಕೇಳಲಿಲ್ಲ. ಸ್ಟ್ಯಾಂಡು ಮಡಿಸಿ ಸ್ಕೂಟರಿನವರೆಗೆ ಹೊತ್ತು ತಂದರು, ಪಾಪ.

ಆ ರೀಲನ್ನು ನಾನೇ ತೊಳೆದೆ. ಕಪ್ಪು ಬಿಳುಪಿನ ರೀಲುಗಳನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಆರಾರು ಚಿತ್ರದ ಆರು ತುಂಡು ಮಾಡಿ, ಮೂವತ್ತಾರರ ಆಚೆಗೆ ಉಳಿದ ಬಾಲದ ತುಂಡನ್ನೂ ಸೇರಿಸಿ ಕವರಿಗೆ ಹಾಕಿಟ್ಟೆ. ಆ ಬಾಲದಲ್ಲಿ ಯಾವತ್ತೂ ಏನೂ ಇರುವುದಿಲ್ಲವಾದ್ದರಿಂದ ಕಣ್ಣು ಹಾಯಿಸಲೂ ಇಲ್ಲ. ಕಟ್ಟೆಯ ಚಿತ್ರಕ್ಕೆ ಮೈಸೂರಿನಲ್ಲಿ ಬಹುಮಾನ ಬಂತು. ನೀರು ಹೀಗೆ ತುಂಬಿ ಹರಿಯುವ ಗಳಿಗೆಯನ್ನು ಎಷ್ಟು ತಾಳ್ಮೆಯಿಂದ ಕಾದಿದ್ದೀರಿ ಎಂದು ತೀರ್ಪುಗಾರರೊಬ್ಬರು ಹೊಗಳಿದರು. ನಾನು ಕೈ ಮುಗಿದೆ. ತೂಬು ಇಳಿಸಿದವರ ಹೆಸರು ಎತ್ತಲಿಲ್ಲ. ಅವತ್ತು ನಾಲೆ ಬತ್ತಿದ್ದಕ್ಕೆ ಗದ್ದೆಯವರು ಸಿದ್ದಯ್ಯನವರನ್ನು ನಡುಬೀದಿಯಲ್ಲಿ ನಿಲ್ಲಿಸಿ ಬೈದರೆಂದು ಆಮೇಲೆ ಕಿವಿಗೆ ಬಿತ್ತು. ಅದಾದ ಮೇಲೆ ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಅವರು ಎದುರಾದರು. ಎರಡು ಸಲವೂ, ಫೋಟೋ ಎಲ್ಲಿ ಅನ್ನುತ್ತಾರೋ ಎಂದು ಹೆದರಿದೆ. ಲ್ಯಾಬಿನಿಂದ ಬಂದಿಲ್ಲ ಎಂಬ ಸುಳ್ಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಅವರು ಕೇಳಲೇ ಇಲ್ಲ. ಚೆಂದಾಗಿದ್ದೀರಾ ಸಾ ಎಂದು ನಕ್ಕು ಹೋದರು. ಮರೆತಿರಬೇಕು, ಬದುಕಿದೆ ಅಂದುಕೊಂಡೆ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಸ್ಟುಡಿಯೋಗೆ ಬಂದಳು. ಹೆಸರು ಮಾದೇವಿ, ಹೆಮ್ಮರಗಾಲಕ್ಕೆ ಕೊಟ್ಟಿರುವುದು, ನೀರುಗಂಟಿ ಸಿದ್ದಯ್ಯನ ಮಗಳು ಎಂದಳು. ಅಪ್ಪ ತೀರಿಹೋಗಿ ಒಂಬತ್ತು ದಿನವಾಗಿತ್ತು. ನೀರು ತಿರುಗಿಸಲು ಹೋದವರು ಗದ್ದೆಯ ಬದುವಿನ ಮೇಲೆ ಕೂತು ಹಾಗೇ ಒರಗಿದ್ದರಂತೆ.

"ತಿಥಿ ದಿಸ ಇಡಾಕೆ ಒಂದ್ ಪೋಟ ಇಲ್ಲ ಕಣ್ ಸಾ. ವೋಟಿನ ಕಾರ್ಡಲ್ಲಿರೋದು ಮಸಿ ಬಳ್ದಂಗದೆ, ನಮ್ಮಪ್ಪ ಅಂತ ಗುರ್ತೇ ಸಿಕ್ಕಾಕಿಲ್ಲ. ನೀವು ಕಟ್ಟೆ ತಾವ ನಿಲ್ಲಿಸ್ಕಂಡು ತಗದ್ರಂತಲ್ಲ, ಬಟ್ಟೆ ಒಗೀತಿದ್ದೋರು ನೋಡವ್ರೆ. ಅದೊಂದ್ ಕೊಟ್ಬುಡಿ ಸಾ."

ನಿಜ ಹೇಳುವುದಕ್ಕೆ ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ನನ್ನಿಂದ ಆಗಲಿಲ್ಲ. ಹುಡುಕುತ್ತೇನೆ, ಕೂತಿರಮ್ಮ ಎಂದು ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡೆ. ಹತ್ತು ನಿಮಿಷ ಒಳಗಿದ್ದು ಹೊರಗೆ ಬಂದು, ಬೆಳಕು ಬಿದ್ದು ಫಿಲ್ಮು ಹಾಳಾಗಿದೆ ಎಂದು ಹೇಳುವುದೆಂದು ತೀರ್ಮಾನಿಸಿದ್ದೆ. ಹೊತ್ತು ಕಳೆಯಬೇಕಲ್ಲ, ಆ ಕವರು ತೆಗೆದು ತುಂಡುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದೆ. ಕಟ್ಟೆ, ನೀರು, ಬೆಟ್ಟ. ಎಷ್ಟೋ ಚಿತ್ರಗಳಲ್ಲಿ ಅವರು ಎದುರಿಗೇ ಓಡಾಡಿದ್ದರು. ಒಂದರಲ್ಲೂ ಇರಲಿಲ್ಲ. ಭೂತಗನ್ನಡಿ ಹಿಡಿದು ಹುಡುಕಿದೆ, ಅವರ ನೆರಳೂ ಇರಲಿಲ್ಲ. ಕೊನೆಗೆ ಕವರಿನಲ್ಲಿ ಬಾಲದ ತುಂಡು ಉಳಿಯಿತು.

ಅದರಲ್ಲಿ ಒಂದು ಚಿತ್ರವಿತ್ತು. ನೆಗೆಟಿವಿನಲ್ಲಿ ಬಿಳಿ ಕಪ್ಪಾಗಿ ಕಾಣುತ್ತದೆ. ನೀರಿನ ನಡುವೆ ಕಪ್ಪು ಅಂಗಿಯ ಒಬ್ಬ ಮನುಷ್ಯ ನಿಂತಿದ್ದ.

ಆ ತುಂಡನ್ನು ಪ್ರಿಂಟು ಮಾಡುವ ಯಂತ್ರಕ್ಕೆ ಸಿಕ್ಕಿಸಿದೆ. ಹಾಗೇ ಕಾಗದದ ಮೇಲೆ ಬೆಳಕು ಬಿಟ್ಟು ಟ್ರೇಗೆ ಹಾಕಿದೆ. ಕೆಂಪು ದೀಪದ ಕೆಳಗೆ ಮೊದಲು ಬೆಟ್ಟ ಮೂಡಿತು, ಆಮೇಲೆ ಕಟ್ಟೆ, ಆಮೇಲೆ ಸಿದ್ದಯ್ಯ. ಇಸ್ತ್ರಿಯ ಅಂಗಿ, ಎತ್ತಿ ಕಟ್ಟಿದ ಪಂಚೆ, ಟವಲು. ಸುತ್ತಲಿನ ನೀರು ಐದು ನಿಮಿಷ ಶಟರು ಬಿಟ್ಟಾಗ ಹೇಗೆ ಬೀಳುತ್ತದೋ ಹಾಗೇ ಹತ್ತಿಯಂತೆ ಬಿದ್ದಿತ್ತು. ಅವರು ಮಾತ್ರ ಒಂದು ಕೂದಲೆಳೆಯೂ ಮಸುಕಾಗದೆ ನಿಂತಿದ್ದರು. ಹೊಳೆಯ ಗಾಳಿಯಲ್ಲಿ ಟವಲಿನ ಅಂಚಾದರೂ ಅಲ್ಲಾಡಬೇಕಿತ್ತು, ಅದೂ ಅಲ್ಲಾಡಿರಲಿಲ್ಲ. ಅಷ್ಟು ಹೊತ್ತು ಹಾಗೆ ನಿಲ್ಲುವುದು ಉಸಿರಾಡುವ ಮನುಷ್ಯನಿಗೆ ಸಾಧ್ಯವಿಲ್ಲ. ಇನ್ನೊಂದು ವಿಷಯ. ಲೆನ್ಸನ್ನೇ ನೋಡು ಎಂದು ನಾನು ಹೇಳಿದ್ದೆ. ಚಿತ್ರದಲ್ಲಿ ಅವರು ಲೆನ್ಸನ್ನು ನೋಡುತ್ತಿಲ್ಲ. ಕಣ್ಣು ಎಡಗಡೆಗೆ, ನಾನು ಕೂತಿದ್ದ ಬಂಡೆಯ ಕಡೆಗೆ ತಿರುಗಿದೆ.

ಹೊರಗೆ ಬಂದು ಒದ್ದೆ ಪ್ರಿಂಟನ್ನು ಮಾದೇವಿಯ ಮುಂದೆ ಹಿಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಅಪ್ಪನೇ ಸಾ, ಬದುಕಿರೋ ಅಂಗೇ ಅವ್ರೆ. ನೀವು ದೇವ್ರಂತೋರು," ಎಂದು ಕಾಲಿಗೆ ಬೀಳಲು ಬಂದಳು. ನಾನು ಹಿಂದೆ ಸರಿದೆ. ದೊಡ್ಡದು ಮಾಡಿ, ಚೌಕಟ್ಟು ಹಾಕಿ, ತಿಥಿಯ ದಿನ ನಾನೇ ಹೋಗಿ ಕೊಟ್ಟುಬಂದೆ. ಮೂಲೆಯಲ್ಲಿ ಸ್ಟುಡಿಯೋ ಹೆಸರಿನ ಮುದ್ರೆ ಒತ್ತುವುದು ನಮ್ಮ ರೂಢಿ. ಅದನ್ನು ಒತ್ತಲು ಮಾತ್ರ ಕೈ ಬರಲಿಲ್ಲ.

ಆಮೇಲೆ ನಾನು ಯೋಚಿಸದ ಕಾರಣವಿಲ್ಲ. ರೀಲಿನಲ್ಲಿ ಮೂವತ್ತೇಳನೆಯ ಚಿತ್ರಕ್ಕೆ ಜಾಗ ಇರಬಹುದು, ಎಷ್ಟೋ ರೀಲುಗಳಲ್ಲಿ ಇರುತ್ತದೆ. ಆದರೆ ಅವರು ನೀರಿಗಿಳಿದಾಗ ರೀಲು ನನ್ನ ಜೇಬಿನಲ್ಲಿತ್ತು. ಮುಂಚೆ ಯಾವತ್ತೋ ನಾನೇ ತೆಗೆದು ಮರೆತಿರಬಹುದು. ಆದರೆ ಆ ಅಂಗಿಯನ್ನು ಅವರು ಕಟ್ಟೆಯ ಹತ್ತಿರ ತೊಟ್ಟಿದ್ದು ಅವತ್ತು ಒಂದೇ ದಿನ. ಮೈಸೂರಿನಲ್ಲಿ ನನಗಿಂತ ಹಿರಿಯರಾದ ಒಬ್ಬ ಛಾಯಾಗ್ರಾಹಕರಿಗೆ ನೆಗೆಟಿವು ತೋರಿಸಿದೆ. ಅವರು ತಿರುಗಿಸಿ ನೋಡಿ, ಚೆನ್ನಾಗಿ ತೆಗೆದಿದ್ದೀಯ, ತೆಗೆದದ್ದನ್ನು ಮರೆತಿದ್ದೀಯ, ಅಷ್ಟೇ ಎಂದರು. ಅಜ್ಜಿಯ ದೆವ್ವ ತಂದವರಿಗೆ ನಾನು ಕೊಡುತ್ತಿದ್ದ ಉತ್ತರದ ಧಾಟಿಯೇ ಅದು. ನೆಗೆಟಿವನ್ನು ಕವರಿಗೆ ಹಾಕಿಕೊಂಡು ಬಂದೆ.

ವರ್ಷಗಳು ಹೋದವು. ಡಿಜಿಟಲ್ ಕ್ಯಾಮೆರಾ ಬಂದು ಡಾರ್ಕ್‌ರೂಮು ಸಾಮಾನು ತುಂಬುವ ಕೋಣೆಯಾಯಿತು. ಶಟರು ತೆರೆದಿಡುವ ಹುಚ್ಚೂ ಬಿಟ್ಟುಹೋಯಿತು, ನೀರಿನ ಮುಂದೆ ಸ್ಟ್ಯಾಂಡು ನಿಲ್ಲಿಸಿದರೆ ಆ ಚಪ್ಪಟೆ ಕಲ್ಲಿನ ಕಡೆಗೇ ಕಣ್ಣು ಹೋಗುತ್ತಿತ್ತು. ನನ್ನನ್ನು ತಿಂದದ್ದು ಭಯವಲ್ಲ. ತೆಗೆಯದ ಚಿತ್ರಕ್ಕೆ ದೇವರಂಥವರು ಅನ್ನಿಸಿಕೊಂಡೆನಲ್ಲ, ಅದು. ಕೊನೆಗೆ ಒಂದು ದಿನ, ಯಾರಿಗಾದರೂ ಹೇಳಿ ಹಗುರಾಗಬೇಕೆಂದು ಗಟ್ಟಿ ಮನಸ್ಸು ಮಾಡಿ ಸಿದ್ದಯ್ಯನವರ ಮನೆಗೆ ಹೋದೆ. ಅವರ ಹೆಂಡತಿ ಚಿಕ್ಕತಾಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತೆರೆದ ಬಾಗಿಲಿನಿಂದ ಒಳಗಿನ ಗೋಡೆಯ ಮೇಲಿನ ಫೋಟೋ ಕಾಣುತ್ತಿತ್ತು. ಕೂರಲೂ ಇಲ್ಲ, ನಿಂತೇ ಹೇಳಿಬಿಟ್ಟೆ.

"ಅಮ್ಮ, ಅವತ್ತು ನನ್ನ ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ. ಸುಮ್ಮನೆ ಅವರನ್ನು ನೀರಲ್ಲಿ ನಿಲ್ಲಿಸಿದೆ. ಮೋಸ ಮಾಡಿದೆ."

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣ್ ಸಾ. ಅವತ್ತೇ ಬಂದು ಯೋಳುದ್ರು. 'ಪೋಟದೋರು ಪೆಟ್ಗೆಯಿಂದ ಸುರುಳಿ ತಗ್ದು ಜೋಬಿಗಾಕ್ಕಂಡ್ರು, ನಾನ್ ನೋಡ್ದೆ ಕಣಮ್ಮಿ, ಇನ್ನೊಂದ್ ಆಕ್ತಾರೆ ಅಂತ ಕೇಳ್ದೆ, ಆಕ್ನಿಲ್ಲ, ಇಲ್ಲ ಅನ್ನಾಕೆ ಪಾಪ ಅವ್ರಿಗೆ ಸಂಕೋಚ, ಅದ್ಕೇ ಅಂಗೇ ನಿಂತ್ಕಬುಟ್ಟೆ' ಅಂದ್ರು. ಮಗ್ಳು ನನ್ನ ಕೇಳಿದ್ರೆ ನಿಮ್ ತಾವ ಕಳುಸ್ತಾನೇ ಇರ್ನಿಲ್ಲ."

 ತಣ್ಣನೆಯ ನೀರಿನಲ್ಲಿ ಅವರು ನಿಂತದ್ದು ಫೋಟೋಗಾಗಿ ಅಲ್ಲ. ನನ್ನ ಮರ್ಯಾದೆ ಉಳಿಸುವುದಕ್ಕೆ. ನಾನು ಕಡಲೆಕಾಯಿ ತಿನ್ನುತ್ತಾ ಕೂತಿದ್ದೆ.

ಚಿಕ್ಕತಾಯಮ್ಮ ಗೋಡೆಯ ಕಡೆಗೊಮ್ಮೆ ನೋಡಿ, ನನ್ನ ಕಡೆ ತಿರುಗಿದರು. "ಆಮೇಕೆ ನಿಮ್ಗೇ ಮನ್ಸು ತಡೀನಿಲ್ಲ. ಇನ್ನೊಂದ್ ದಿಸ ಬಂದು ದಿಟವಾಗ್ಲೂ ತಗ್ದಿದ್ದೀರಿ. ಇಲ್ದಿದ್ರೆ ಈ ಪೋಟ ಎಲ್ಲಿಂದ ಬರ್ಬೇಕು? ಅಂಗೇ ಅಲ್ವಾ ಸಾ?"

 ಅಷ್ಟು ವರ್ಷ ಅವರು ಹಾಗೆಂದೇ ನಂಬಿಕೊಂಡು ಆ ಫೋಟೋಗೆ ಹೂವು ಇಟ್ಟಿದ್ದರು. ನಾನು ಬಾಯಿ ತೆರೆದೆ.

"ಹೌದಮ್ಮ," ಎಂದೆ.

"ಅಂಗನ್ನಿ ಮತ್ತೆ. ನೀವು ಕೆಟ್ಟೋರಲ್ಲ ಬುಡಿ," ಎಂದು ಅವರು ಮೊರದಲ್ಲಿದ್ದ ಅವರೆಕಾಳನ್ನು ಬೊಗಸೆಯಲ್ಲಿ ತುಂಬಿ, ಮನೆಗೆ ತಗೊಂಡೋಗಿ ಎಂದು ನನ್ನ ಕರ್ಚೀಫಿಗೆ ಹಾಕಿಕೊಟ್ಟರು. ಮತ್ತೆ ಆ ಊರಿಗೆ ಹೋಗುವ ಧೈರ್ಯ ನನಗೆ ಬಂದಿಲ್ಲ. ಆ ಚಿತ್ರವನ್ನು ಯಾರು ತೆಗೆದರೋ, ಹೇಗೆ ತೆಗೆದರೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ತೆಗೆಯಲಿಲ್ಲ ಎಂಬುದೊಂದೇ ಗೊತ್ತಿರುವುದು. ಅದನ್ನು ಯಾರಿಗೆ ಹೇಳಬೇಕಾಗಿತ್ತೋ ಅವರ ಮುಂದೆಯೇ, ತೆಗೆದೆ ಎಂದು ಹೇಳಿ ಬಂದಿದ್ದೇನೆ.